ಹೆರಿಗೆ ನೋವು ಬಂದಾಗ ಮಲಗೇ ಇರಬೇಕಾ? ಓಡಾಡಿದರೆ ಏನು ಅನುಕೂಲ, ಯಾವಾಗ ಓಡಾಡಬಾರದು

ನೋವು ಶುರುವಾಯ್ತು ಅಂದ್ರೆ ಬಹಳ ಮನೆಗಳಲ್ಲಿ ಮೊದಲು ಬರುವ ಮಾತು 'ಸುಮ್ನೆ ಮಲ್ಕೋ, ಎದ್ದು ಓಡಾಡಬೇಡ' ಅಂತ. ಆದರೆ ತೊಂದರೆ ಇಲ್ಲದ ಗರ್ಭಿಣಿಯರು ನೋವಿನ ಹೊತ್ತಲ್ಲಿ ಎದ್ದು ಓಡಾಡಲು, ಕೂರಲು, ನಿಲ್ಲಲು ಪ್ರೋತ್ಸಾಹ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಹೆರಿಗೆ ಮಾರ್ಗಸೂಚಿಯಲ್ಲೇ ಹೇಳಿದೆ. 25 ಅಧ್ಯಯನಗಳನ್ನು, ಅಂದರೆ 5,218 ಹೆಂಗಸರ ಹೆರಿಗೆಗಳನ್ನು ಒಟ್ಟಿಗೆ ನೋಡಿದ 2013ರ ಕಾಕ್ರೇನ್ ವಿಮರ್ಶೆಯಲ್ಲಿ, ಮಲಗಿದ್ದವರಿಗಿಂತ ಎದ್ದು ಓಡಾಡಿದವರಿಗೆ ಹೆರಿಗೆಯ ಮೊದಲ ಹಂತ ಸರಾಸರಿ 1 ಗಂಟೆ 22 ನಿಮಿಷ ಕಡಿಮೆಯಾಗಿತ್ತು. ಸಿಸೇರಿಯನ್ ಕೂಡ ಕಡಿಮೆ ಇತ್ತು.

ಕಾರಣ ಸೊಂಟದ ಮೂಳೆಯಲ್ಲಿದೆ. ಮಗು ಇಳಿಯುವ ದಾರಿ ನೇರ ಕೊಳವೆ ಅಲ್ಲ. ಮೇಲಿನ ಬಾಯಿ ಅಡ್ಡಕ್ಕೆ ಅಗಲ, ಕೆಳಗಿನ ಬಾಯಿ ಹಿಂದೆ-ಮುಂದೆ ಅಗಲ. ಹಾಗಾಗಿ ಮಗು ಸಾಮಾನ್ಯವಾಗಿ ಪಕ್ಕಕ್ಕೆ ಮುಖ ಮಾಡಿ ಒಳಗೆ ಬಂದು, ನಡುವೆ ತಲೆ ತಿರುಗಿಸಿಕೊಂಡು, ತಾಯಿಯ ಬೆನ್ನಿನ ಕಡೆ ಮುಖ ಮಾಡಿ ಹೊರಗೆ ಬರುತ್ತೆ. ತಾಯಿ ಅಲುಗಾಡಿದರೆ ಈ ತಿರುಗುವಿಕೆಗೆ ಜಾಗ ಸಿಗುತ್ತೆ. ಅಂಗಾತ ಮಲಗಿದರೆ ಬಾಲಮೂಳೆ ಹಾಸಿಗೆಗೆ ಒತ್ತಿಕೊಂಡು ಹಿಂದಕ್ಕೆ ಸರಿಯೋಕಾಗಲ್ಲ. ಜೊತೆಗೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು, ತಾಯಿಗೆ ತಲೆಸುತ್ತು ಬರಬಹುದು, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗಬಹುದು. ಮಲಗಲೇಬೇಕು ಅಂದ್ರೆ ಎಡಮಗ್ಗುಲಾಗಿ ಮಲಗಿ ಅನ್ನೋದು ಇದಕ್ಕೇ.

ನೋವು ಬಿಟ್ಟಾಗ ವಾರ್ಡಿನಲ್ಲೇ ನಿಧಾನಕ್ಕೆ ನಡೆಯಬಹುದು. ನೋವು ಬಂದಾಗ ಗೋಡೆಗೋ ಮಂಚಕ್ಕೋ ಕೈ ಊರಿ, ಮುಂದಕ್ಕೆ ಬಾಗಿ ಸೊಂಟವನ್ನು ಆಚೀಚೆ ತೂಗಿದರೆ ಸಾಕು. ಕುರ್ಚಿಯಲ್ಲಿ ತಿರುಗಿ ಕೂತು, ಒರಗುವ ಕಡೆಗೆ ಎದೆ ಆನಿಸಿಕೊಳ್ಳುವುದೂ ಒಳ್ಳೇದು. ಸೊಂಟ ಒಡೆದು ಹೋಗೋ ಹಾಗೆ ಹಿಂದೆ ನೋವಿದ್ದರೆ, ಹಲವು ಸಲ ಮಗುವಿನ ತಲೆಯ ಹಿಂಭಾಗ ತಾಯಿಯ ಬೆನ್ನಿನ ಕಡೆ ಇರುತ್ತೆ. ಆಗ ಮಂಡಿ, ಅಂಗೈ ಊರಿ ಅಂಬೆಗಾಲಿನ ಭಂಗಿಯಲ್ಲಿದ್ದರೆ ನೋವು ಸ್ವಲ್ಪ ಹಗುರಾಗುತ್ತೆ. ಮಗು ತಿರುಗೇ ತಿರುಗುತ್ತೆ ಅನ್ನೋ ಗ್ಯಾರಂಟಿ ಮಾತ್ರ ಇಲ್ಲ. ಎರಡು ಗಂಟೆಗೊಮ್ಮೆಯಾದರೂ ಮೂತ್ರಕ್ಕೆ ಹೋಗಬೇಕು. ಮೂತ್ರಕೋಶ ತುಂಬಿದ್ದರೆ ಮಗುವಿನ ತಲೆ ಇಳಿಯಲು ಅಡ್ಡಿ.

ಮುಕ್ಕುವ ಹೊತ್ತಿಗೆ ಕುಕ್ಕರಗಾಲಲ್ಲಿ ಕೂತರೆ ಕೆಳಗಿನ ಬಾಯಿ ಅಗಲವಾಗುತ್ತೆ. ಬಚ್ಚಲಲ್ಲಿ, ಹೊಲದಲ್ಲಿ ಹಾಗೆ ಕೂತು ರೂಢಿ ಇದ್ದವರಿಗೆ ಇದು ಸುಲಭ. ರೂಢಿ ಇಲ್ಲದವರು ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಎತ್ತಿಸಿಕೊಂಡೂ ಮುಕ್ಕಬಹುದು. ಈ ಹಂತದಲ್ಲಿ ಎದ್ದಿರುವ ಭಂಗಿಯಿಂದ ಇಕ್ಕಳ ಹಾಕಿ ಮಗು ತೆಗೆಯುವ ಸಂದರ್ಭ, ಕೊಯ್ದು ಹೊಲಿಗೆ ಹಾಕುವುದು ಕಡಿಮೆಯಾದರೂ ರಕ್ತಸ್ರಾವ ಸ್ವಲ್ಪ ಜಾಸ್ತಿ ಆಗಬಹುದು. ಅದಕ್ಕೇ ನರ್ಸ್ ಜೊತೆಗಿರಬೇಕು.

ಎಲ್ಲರೂ ಓಡಾಡುವಂತಿಲ್ಲ. ರಕ್ತ ಹೋಗುತ್ತಿದ್ದರೆ, ಬಿಪಿ ತುಂಬಾ ಏರಿದ್ದರೆ, ಫಿಟ್ಸ್ ಬಂದಿದ್ದರೆ, ಮಗುವಿನ ಎದೆಬಡಿತ ಏರುಪೇರಾಗಿದ್ದರೆ ಮಂಚ ಬಿಡಬಾರದು. ತಲೆ ಇನ್ನೂ ಮೇಲಿರುವಾಗಲೇ ನೀರು ಒಡೆದರೆ ಹೊಕ್ಕುಳಬಳ್ಳಿ ಮೊದಲು ಜಾರುವ ಅಪಾಯ ಇರುತ್ತೆ. ಮನೆಯಲ್ಲಿ ನೀರು ಹೋದರೆ ಓಡಾಡಿಸುತ್ತಾ ಕೂರದೆ ಮಲಗಿಸಿ, 108ಕ್ಕೆ ಫೋನ್ ಮಾಡಿ. ನೋವು ಹೆಚ್ಚಿಸುವ ಡ್ರಿಪ್ ಹಾಕಿದ್ದರೂ ಮಂಚದ ಪಕ್ಕ ನಿಲ್ಲಬಹುದಾ ಅಂತ ಕೇಳಿನೋಡಿ.

ಆದರೆ ನೋವು ತಿನ್ನುತ್ತಿರುವವಳೇ ಇದನ್ನೆಲ್ಲ ಕೇಳೋದು ಕಷ್ಟ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಒಬ್ಬ ಹೆಂಗಸು ಜೊತೆಗಿರಲು ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿಗೆ ಕೊಟ್ಟಿದೆ. ಅಮ್ಮನೋ ಅತ್ತೆಯೋ ಅಕ್ಕನೋ, ಹೆತ್ತು ಅನುಭವ ಇರುವವರಾದರೆ ಒಳ್ಳೇದು. ಯಾರು ಹೋಗಬೇಕು ಅಂತ ಒಂಬತ್ತನೇ ತಿಂಗಳಲ್ಲೇ ತೀರ್ಮಾನಿಸಿ, ತಾಯಿ ಕಾರ್ಡ್ ಹಿಡಿದು ಚೆಕಪ್‌ಗೆ ಹೋದಾಗ ಡಾಕ್ಟರನ್ನು ನೇರವಾಗಿ ಕೇಳಿ: 'ನೋವು ಬಂದಾಗ ಇವಳು ಓಡಾಡಬಹುದಾ, ಯಾರು ಜೊತೆಗಿರಬಹುದು?' ಆಶಾ ಕಾರ್ಯಕರ್ತೆಗೂ ಅದನ್ನು ತಿಳಿಸಿಡಿ.