ಸಾಮಾಜಿಕ ಪರಿಣಾಮ ಮಾಪನ

ಉದ್ಯಮ ಅಥವಾ ಹೂಡಿಕೆಯೊಂದರಿಂದ ಜನರ ಬದುಕು ಎಷ್ಟು ಬದಲಾಯಿತು, ಅದರಲ್ಲಿ ಆ ಹಣದಿಂದಲೇ ಆದದ್ದೆಷ್ಟು ಎಂದು ತಿಳಿಯುವ ವಿಧಾನಗಳ ಒಟ್ಟು ಹೆಸರು. ಲಾಭದೊಡನೆ ಸಮಾಜದ ಹಿತವನ್ನೂ ಗುರಿಯಾಗಿಟ್ಟುಕೊಂಡ ಬಂಡವಾಳಕ್ಕೆ ಇಂಪ್ಯಾಕ್ಟ್ ಇನ್ವೆಸ್ಟಿಂಗ್ ಎಂಬ ಹೆಸರು ಬಿದ್ದದ್ದು 2007ರಲ್ಲಿ, ರಾಕ್‌ಫೆಲರ್ ಪ್ರತಿಷ್ಠಾನ ಇಟಲಿಯ ಬೆಲ್ಲಾಜಿಯೊದಲ್ಲಿ ಕರೆದ ಸಭೆಯಲ್ಲಿ. ಅಲ್ಲಿಂದೀಚೆಗೆ ಸೂಚಕಗಳ ಪಟ್ಟಿಗಳು ಹೇರಳವಾಗಿ ಬೆಳೆದಿವೆ. ಅವು ಹೆಚ್ಚಾಗಿ ಎಣಿಸುವುದು ಕೊಟ್ಟ ಸಾಲ, ಹಂಚಿದ ಸೌರದೀಪ, ತರಬೇತಿ ಪಡೆದ ಯುವಕರು ಇಂಥವನ್ನು. ಎಣಿಕೆ ತಪ್ಪಲ್ಲ, ಆದರೆ ಅದು ಸಂಸ್ಥೆ ಮಾಡಿದ ಕೆಲಸದ ಲೆಕ್ಕ. ಆ ಹಣ ಬಾರದೆ ಇದ್ದಿದ್ದರೆ ಅದೇ ಜನರಿಗೆ ಏನಾಗುತ್ತಿತ್ತು ಎಂಬ ಹೋಲಿಕೆ ಇಲ್ಲದ ಅಂಕಿಯನ್ನು ಪರಿಣಾಮ ಎನ್ನಲಾಗದು.

ಕಿರುಸಾಲದ ಚರಿತ್ರೆಯಲ್ಲಿ ಈ ವ್ಯತ್ಯಾಸ ಢಾಳಾಗಿ ಕಾಣುತ್ತದೆ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ ಮತ್ತು ಮುಹಮ್ಮದ್ ಯೂನುಸ್ ಅವರಿಗೆ 2006ರ ನೊಬೆಲ್ ಶಾಂತಿ ಪ್ರಶಸ್ತಿ ಬಂದ ಕಾಲಕ್ಕೆ, ಸಾಲ ಪಡೆದ ಹೆಂಗಸರ ಸಂಖ್ಯೆ ಮತ್ತು ಬಹುಪಾಲು ತಪ್ಪದೆ ನಡೆಯುವ ಮರುಪಾವತಿಯೇ ಬಡತನ ತಗ್ಗುತ್ತಿರುವುದಕ್ಕೆ ಸಾಕ್ಷಿ ಎಂಬ ನಂಬಿಕೆ ಬೇರೂರಿತ್ತು. ಅದೇ ಹೊತ್ತಿನಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಹೈದರಾಬಾದಿನ 104 ಬಡ ಬಡಾವಣೆಗಳನ್ನು ಆಯ್ದು, ಚೀಟಿ ಎತ್ತುವ ರೀತಿಯಲ್ಲಿ 52ರಲ್ಲಿ ಕಿರುಸಾಲ ಕೊಡುವ ಸ್ಪಂದನ ಸಂಸ್ಥೆಯ ಶಾಖೆ ಮೊದಲು ತೆರೆಯುವಂತೆ ಏರ್ಪಾಡು ಮಾಡಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಶಾಖೆ ತೆರೆದ ಕಡೆ ಬಾಳಿಕೆಯ ವಸ್ತುಗಳ ಖರೀದಿ ಹೆಚ್ಚಿತು, ಆಗಲೇ ಇದ್ದ ಸಣ್ಣ ವ್ಯಾಪಾರಗಳಿಗೆ ಬಂಡವಾಳ ಹರಿಯಿತು. ಮನೆಯ ಒಟ್ಟು ಖರ್ಚು, ಮಕ್ಕಳ ಓದು, ಆರೋಗ್ಯ, ಮನೆಯಲ್ಲಿ ಹೆಣ್ಣಿನ ಮಾತಿಗಿರುವ ಬೆಲೆ ಇವುಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಮರುಪಾವತಿಯ ಅಂಕಿ ಸುಳ್ಳಾಗಿರಲಿಲ್ಲ. ಅದು ಅಳೆಯುತ್ತಿದ್ದದ್ದು ಸಾಲ ಕೊಟ್ಟವರ ಕ್ಷೇಮವನ್ನು. ಒಂದು ಸಂಘದ ಕಂತನ್ನು ಇನ್ನೊಂದರ ಸಾಲ ಎತ್ತಿ ಕಟ್ಟಿದರೂ ಪುಸ್ತಕದಲ್ಲಿ ಅದು ಮರುಪಾವತಿಯೇ. 2010ರಲ್ಲಿ ಎಸ್‌ಕೆಎಸ್ ಎಂಬ ಕಿರುಸಾಲ ಸಂಸ್ಥೆ ಷೇರುಪೇಟೆಗೆ ಕಾಲಿಟ್ಟ ಎರಡೇ ತಿಂಗಳಲ್ಲಿ ಆಂಧ್ರಪ್ರದೇಶ ವಸೂಲಿಯ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತು. 2025ರಲ್ಲಿ ಕರ್ನಾಟಕವೂ ಅದೇ ದಾರಿ ಹಿಡಿಯಬೇಕಾಯಿತು.

ಹೋಲಿಕೆಯನ್ನೇ ಹಣದ ಷರತ್ತಾಗಿಸಿದ ಪ್ರಯೋಗವೊಂದು ರಾಜಸ್ಥಾನದ ಭಿಲ್ವಾರಾ ಜಿಲ್ಲೆಯಲ್ಲಿ 2015ರಿಂದ 2018ರವರೆಗೆ ನಡೆಯಿತು. ಎಜುಕೇಟ್ ಗರ್ಲ್ಸ್ ಸಂಸ್ಥೆಯ ಕೆಲಸಕ್ಕೆ ಯುಬಿಎಸ್ ಆಪ್ಟಿಮಸ್ ಪ್ರತಿಷ್ಠಾನ ಸುಮಾರು 2.7 ಲಕ್ಷ ಡಾಲರ್ ಹೂಡಿತು. ಗುರಿ ಮುಟ್ಟಿದರೆ ಅಸಲನ್ನೂ ಲಾಭವನ್ನೂ ಚಿಲ್ಡ್ರನ್ಸ್ ಇನ್ವೆಸ್ಟ್‌ಮೆಂಟ್ ಫಂಡ್ ಫೌಂಡೇಶನ್ ತೆರಬೇಕಿತ್ತು. ಅಳೆಯುವ ಹೊಣೆ ಇವರಾರದೂ ಅಲ್ಲ, ಐಡಿಇನ್‌ಸೈಟ್ ಎಂಬ ಬೇರೊಂದು ಸಂಸ್ಥೆಯದು. ಪಾವತಿಯ ಶೇ. 20 ಶಾಲೆಯ ಹೊರಗಿದ್ದ ಹೆಣ್ಣುಮಕ್ಕಳ ದಾಖಲಾತಿಗೆ, ಶೇ. 80 ಕಲಿಕೆಗೆ. ಕಲಿಕೆಯೆಂದರೆ ಕಾರ್ಯಕ್ರಮ ನಡೆದ ಮತ್ತು ನಡೆಯದ ಹಳ್ಳಿಗಳ ಮಕ್ಕಳ ಪ್ರಗತಿಯ ನಡುವಿನ ಅಂತರ. ಎರಡನೆಯ ವರ್ಷ ಮುಗಿದಾಗ ಅದು ಒಟ್ಟು ಗುರಿಯ ಅರ್ಧದ ಹತ್ತಿರವಷ್ಟೇ ಇತ್ತು. ಸಂಸ್ಥೆ ಕಲಿಸುವ ಕ್ರಮವನ್ನು ತಿದ್ದಿಕೊಂಡಿತು, ಮಕ್ಕಳನ್ನು ಅವರವರ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿತು, ಮನೆಗೇ ಹೋಗಿ ಹೇಳಿಕೊಟ್ಟಿತು. ಕೊನೆಗೆ ಕಲಿಕೆ ಗುರಿಯ ಶೇ. 160ನ್ನೂ ದಾಖಲಾತಿ ಶೇ. 116ನ್ನೂ ಮುಟ್ಟಿದವು. ದಾಖಲಾತಿಯನ್ನಷ್ಟೇ ಎಣಿಸಿದ್ದರೆ ಎರಡನೆಯ ವರ್ಷದ ವರದಿಯಲ್ಲಿ ಯಾರಿಗೂ ಕೊರತೆ ಕಾಣುತ್ತಿರಲಿಲ್ಲ.

ಇಂಥ ಮಾಪನ ದುಬಾರಿ, ಪುಟ್ಟ ಸಂಸ್ಥೆಗಳಿಗೆ ಎಟುಕದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಎಲ್ಲರೂ ಪ್ರಯೋಗ ನಡೆಸಬೇಕಾಗಿಲ್ಲ. ಲಸಿಕೆ ಹಾಕುವ ಆಸ್ಪತ್ರೆ ಲಸಿಕೆಯ ಗುಣವನ್ನು ಮತ್ತೆ ಸಾಬೀತುಪಡಿಸುವುದಿಲ್ಲ. ಹಾಗೆಯೇ ಬೇರೆಡೆ ಗಟ್ಟಿಯಾಗಿ ಸಿದ್ಧವಾದ ಕ್ರಮವನ್ನು ಅನುಸರಿಸುವವರಿಗೆ ಅದನ್ನು ಸರಿಯಾಗಿ ನಡೆಸಿದ ಲೆಕ್ಕವೇ ಸಾಕು. ಇನ್ನೊಂದು ಆಕ್ಷೇಪ ಇದಕ್ಕಿಂತ ಹರಿತ: ಯಾವ ಅಂಕಿಗೆ ಹಣ ಕಟ್ಟುತ್ತೇವೋ ಆ ಅಂಕಿಯೇ ಕೆಡುತ್ತದೆ ಎಂಬ, ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ ಹೆಸರಿನಲ್ಲಿ ಪ್ರಸಿದ್ಧವಾದ ಮಾತು. ಸುಲಭದವರನ್ನು ಆರಿಸಿ ಕಷ್ಟದವರನ್ನು ಕೈಬಿಡುವ ಆಸೆ ಹುಟ್ಟುವುದು ನಿಜ. ಇದಕ್ಕೆ ಉತ್ತರ ಅಳತೆಯನ್ನು ಬಿಡುವುದಲ್ಲ, ಜಾಣತನದಿಂದ ಆರಿಸುವುದು. ಬ್ರಿಟನ್ನಿನ ಪೀಟರ್‌ಬರೋ ಸೆರೆಮನೆಯಿಂದ ಬಿಡುಗಡೆಯಾದವರಿಗಾಗಿ 2010ರಲ್ಲಿ ಆರಂಭವಾದ, ಫಲಿತಾಂಶ ಬಂದರಷ್ಟೇ ಹೂಡಿದವರಿಗೆ ಹಣ ಮರಳುವ ಸೋಷಿಯಲ್ ಇಂಪ್ಯಾಕ್ಟ್ ಬಾಂಡ್‌ನಲ್ಲಿ ಮತ್ತೆ ತಪ್ಪಿತಸ್ಥರಾದವರು ಎಷ್ಟು ಮಂದಿ ಎಂದಲ್ಲ, ಒಟ್ಟು ಎಷ್ಟು ಸಲ ತಪ್ಪಿತಸ್ಥರೆಂದು ತೀರ್ಪಾಯಿತು ಎಂದು ಎಣಿಸಿದರು. ಹಾಗಾಗಿ ಪದೇಪದೇ ಜೈಲು ಸೇರುವವನನ್ನು ದೂರವಿಟ್ಟರೆ ಸಂಸ್ಥೆಗೇ ನಷ್ಟ. ಮಾನ, ಆತ್ಮವಿಶ್ವಾಸಗಳಿಗೆ ರೂಪಾಯಿಯ ಬೆಲೆ ಕಟ್ಟಿ, ಹೂಡಿದ ಒಂದಕ್ಕೆ ಇಷ್ಟು ಪಟ್ಟು ಸಾಮಾಜಿಕ ಲಾಭ ಎನ್ನುವ ಲೆಕ್ಕಗಳನ್ನಂತೂ ಅನುಮಾನದಿಂದಲೇ ನೋಡಬೇಕು: ಕಟ್ಟಿದ ಬೆಲೆ ತುಸು ಬದಲಾದರೆ ಪಟ್ಟುಗಳೂ ಬದಲಾಗುತ್ತವೆ. ಹೋಲಿಕೆಗೆ ಅಂಥ ಬೆಲೆ ಬೇಕಿಲ್ಲ.

ಭಾರತದಲ್ಲಿ ಮಾಪನ ಈಗ ಕಾನೂನಿಗೂ ಬಂದಿದೆ. ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಶನ್ 2023ರ ಡಿಸೆಂಬರ್‌ನಲ್ಲಿ ಮೊದಲಿಗೆ ಪ್ರವೇಶಿಸಿದ, ಸಮಾಜಸೇವಾ ಸಂಸ್ಥೆಗಳು ಹಣ ಎತ್ತುವ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಝೀರೋ ಕೂಪನ್ ಝೀರೋ ಪ್ರಿನ್ಸಿಪಲ್ ಪತ್ರ ಕೊಂಡವರಿಗೆ ಬಡ್ಡಿಯೂ ಇಲ್ಲ, ಅಸಲೂ ಇಲ್ಲ. ಮರಳಿ ಬರುವುದು ಪರಿಣಾಮದ ವಾರ್ಷಿಕ ವರದಿಯೊಂದೇ. ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆ) ನಿಯಮಗಳ 2021ರ ತಿದ್ದುಪಡಿ, ವರ್ಷಕ್ಕೆ ಸರಾಸರಿ 10 ಕೋಟಿ ರೂಪಾಯಿ ಅಥವಾ ಹೆಚ್ಚಿನ ಹೊಣೆಯುಳ್ಳ ಕಂಪನಿಗಳು 1 ಕೋಟಿ ಮತ್ತು ಮೇಲ್ಪಟ್ಟ ಯೋಜನೆಗಳ ಪರಿಣಾಮವನ್ನು ಸ್ವತಂತ್ರ ಸಂಸ್ಥೆಯಿಂದ ಅಳೆಸಬೇಕೆಂದಿತು. ಆದರೆ ಅಳೆಯುವವರನ್ನು ನೇಮಿಸಿ ಹಣ ಕೊಡುವುದು ಆ ಕಂಪನಿಯೇ. ಅಳತೆಯ ಸರದಿ ಬರುವುದು ಯೋಜನೆ ಮುಗಿದು ಕನಿಷ್ಠ ಒಂದು ವರ್ಷವಾದ ಮೇಲೆ. ಕೆಲಸ ಶುರುವಾಗುವ ಮುನ್ನ ಆ ಊರಿನ ಮತ್ತು ಪಕ್ಕದ ಊರಿನ ಸ್ಥಿತಿಯನ್ನು ಯಾರೂ ಬರೆದಿಟ್ಟಿರದಿದ್ದರೆ, ಅಷ್ಟು ಹೊತ್ತಿಗೆ ಯಾವುದರೊಡನೆ ಹೋಲಿಸುವುದು ಎಂಬ ಪ್ರಶ್ನೆಗೆ ವರದಿ ಬರೆಯುವವರ ಬಳಿ ಫಲಾನುಭವಿಗಳ ನೆನಪಿನ ಹೊರತು ಬೇರೆ ಆಧಾರ ಇರುವುದಿಲ್ಲ.