ಸೀಸರ್ ಬಿದ್ದ ಜಾಗದ ಬೆಕ್ಕುಗಳು

ರೋಮ್ ನಗರದ ನಟ್ಟನಡುವೆ ಲಾರ್ಗೋ ದಿ ತೋರ್ರೆ ಅರ್ಜೆಂಟೀನಾ ಅನ್ನೋ ಚೌಕ ಇದೆ. ಸುತ್ತಲೂ ಬಸ್ಸು, ಟ್ರಾಮ್‌ಗಳ ಗದ್ದಲ. ನಡುವೆ, ರಸ್ತೆಗಿಂತ ಕೆಳಗೆ, ನಾಲ್ಕು ಹಳೇ ದೇವಾಲಯಗಳ ಅವಶೇಷ. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್‌ನನ್ನು ಇರಿದು ಕೊಂದ ಸಭಾಭವನ ಇದ್ದದ್ದೂ ಇಲ್ಲೇ. ಆದರೆ ಕಂಬಿಗೆ ಒರಗಿ ಬಗ್ಗಿ ನೋಡೋ ಎಷ್ಟೋ ಪ್ರವಾಸಿಗರು ಹುಡುಕೋದು ಸೀಸರ್‌ನ ಗುರುತನ್ನಲ್ಲ, ಮುರಿದ ಕಂಬಗಳ ಮೇಲೆ ಬಿಸಿಲು ಕಾಯಿಸ್ತಾ ಮಲಗಿರೋ ಬೆಕ್ಕುಗಳನ್ನ.

1920ರ ದಶಕದ ಕೊನೆಗೆ, ಮುಸೊಲಿನಿ ಕಾಲದಲ್ಲಿ, ಇಲ್ಲಿದ್ದ ಕಟ್ಟಡಗಳನ್ನು ಕೆಡವಿ ಅಗೆದಾಗ ಈ ದೇವಾಲಯಗಳು ಹೊರಬಂದವು. ಜನ ಇಳಿಯದ, ವಾಹನ ಬಾರದ ಜಾಗ ಸಿಕ್ಕಿದ್ದೇ ಬೆಕ್ಕುಗಳು ಬಂದು ಬಿಡಾರ ಹೂಡಿದವು. ಅವುಗಳ ಹಿಂದೆಯೇ ಊಟದ ಪೊಟ್ಟಣ ಹಿಡಿದ ಹೆಂಗಸರು ಬಂದರು. ರೋಮ್‌ನಲ್ಲಿ ಇವರಿಗೆ 'ಗತ್ತಾರೆ' ಅಂತಾರೆ. ನಾವು ಬೆಕ್ಕಮ್ಮಂದಿರು ಅನ್ನಬಹುದೇನೋ.

ಊಟ ಹಾಕೋದೇನೋ ಪುಣ್ಯದ ಕೆಲಸ, ಆದರೆ ಅಷ್ಟಕ್ಕೇ ಮುಗಿಯಲ್ಲ. ಹೆಣ್ಣು ಬೆಕ್ಕು ವರ್ಷ ತುಂಬೋ ಮೊದಲೇ ಮರಿ ಹಾಕಬಲ್ಲದು, ಆಮೇಲೆ ವರ್ಷಕ್ಕೆ ಎರಡು ಮೂರು ಸೂಲು. ಮರಿ ಹೆಚ್ಚಿದಷ್ಟೂ ರೋಗ, ಸಾವು ಹೆಚ್ಚು. ಹಾಗಂತ ಹಿಡಿದು ಸಾಗಿಸಿದರೂ ಊಟ ಸಿಗೋ ಜಾಗ ಖಾಲಿ ಉಳಿಯೋದಿಲ್ಲ. ಪಕ್ಕದ ಬೀದಿಯವು ಬಂದು ಸೇರ್ತವೆ.

ಇದಕ್ಕೆ ಇಟಲಿ ಉತ್ತರ ಕೊಟ್ಟದ್ದು 1991ರ ಆಗಸ್ಟ್‌ನಲ್ಲಿ, 281ನೇ ಕಾನೂನಿನ ಮೂಲಕ. 'ಸ್ವತಂತ್ರವಾಗಿ ಬದುಕುವ ಬೆಕ್ಕುಗಳನ್ನು' ಹಿಂಸಿಸುವಂತಿಲ್ಲ. ಸರ್ಕಾರಿ ಆರೋಗ್ಯ ಇಲಾಖೆ ಅವಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಮತ್ತೆ ಅವುಗಳ ಗುಂಪಿಗೇ ಬಿಡಬೇಕು. ತೀವ್ರವಾದ ಅಥವಾ ವಾಸಿಯಾಗದ ಕಾಯಿಲೆ ಇದ್ದರೆ ಮಾತ್ರ ದಯಾಮರಣ. ಅಂದರೆ ಆ ಬೀದಿಯೇ ಬೆಕ್ಕಿನ ಮನೆ ಅಂತ ಕಾನೂನು ಒಪ್ಪಿಕೊಂಡಿತು. ಆಶ್ರಯಧಾಮದ ಕೆಲಸವೂ ಬದಲಾಯ್ತು. ಕೂಡಿಹಾಕೋದಲ್ಲ, ಚಿಕಿತ್ಸೆ ಕೊಟ್ಟು ವಾಪಸ್ ಬಿಡೋದು.

ಕಾನೂನು ಬಂತು ಸರಿ, ಬೆಕ್ಕು ಹಿಡಿಯೋರು ಯಾರು? 1993-94ರ ಹೊತ್ತಿಗೆ ಲಿಯಾ ದೆಕೆಲ್ ಮತ್ತು ಸಿಲ್ವಿಯಾ ವಿವಿಯಾನಿ ಅನ್ನೋ ಇಬ್ಬರು ಹೆಂಗಸರು ತೋರ್ರೆ ಅರ್ಜೆಂಟೀನಾದ ಬೆಕ್ಕುಗಳ ಹೊಣೆ ಹೊತ್ತರು. ರಸ್ತೆಯ ಅಡಿಯ ಗುಹೆಯಂಥ ಜಾಗ, ಶುರುವಿನಲ್ಲಿ ನೀರಿಲ್ಲ, ಕರೆಂಟಿಲ್ಲ. ಆಗ ಇದ್ದದ್ದು ಸುಮಾರು 90 ಬೆಕ್ಕು. ಆಮೇಲೆ ಅದು 250 ತಲುಪಿತು. ಮರಿಗಳಿಂದ ಅಂದ್ಕೊಂಡ್ರಾ? ಅಲ್ಲ. 'ಅಲ್ಲಿ ಬಿಟ್ಟರೆ ಅವರು ನೋಡ್ಕೋತಾರೆ' ಅಂತ ಊರಿನವರು ಮನೆ ಬೆಕ್ಕುಗಳನ್ನೂ ಮರಿಗಳನ್ನೂ ತಂದು ಬಿಟ್ಟು ಹೋಗ್ತಿದ್ದರು. ಸಾಕುಪ್ರಾಣಿಯನ್ನು ತೊರೆದರೆ ದಂಡ ಅಂತ ಅದೇ ಕಾನೂನು ಹೇಳಿದ್ದರೂ!

2012ರಲ್ಲಿ ಇನ್ನೊಂದು ಏಟು. ಪುರಾತತ್ವ ಇಲಾಖೆಯವರು, ಪ್ರಾಚೀನ ಅವಶೇಷಗಳ ನಡುವೆ ಈ ಧಾಮ ಅಕ್ರಮ, ಜಾಗ ಖಾಲಿ ಮಾಡಿ ಅಂದರು. ಅವರ ವಾದವನ್ನೂ ತಳ್ಳಿಹಾಕೋಕಾಗಲ್ಲ, ಎರಡು ಸಾವಿರ ವರ್ಷದ ಕಲ್ಲನ್ನ ಕಾಯೋದು ಅವರ ಕೆಲಸ. ಆದರೆ ಊರಿನ ಜನ, ಮೇಯರ್ ಕೂಡ, ಬೆಕ್ಕುಗಳ ಪರ ನಿಂತರು. ಧಾಮ ಉಳೀತು. 2023ರ ಜೂನ್‌ನಲ್ಲಿ ಸಾರ್ವಜನಿಕರಿಗೆ ನಡೆದಾಡೋ ದಾರಿ ಮಾಡಿ ಜಾಗ ತೆರೆದಾಗಲೂ ಬೆಕ್ಕುಗಳು ಅಲ್ಲೇ ಇದ್ದವು.

ಈ ಕಥೆಯಲ್ಲಿ ನನ್ನನ್ನು ಕಾಡೋದು ಆ 90 ಮತ್ತು 250ರ ನಡುವಿನ ಅಂತರ. ಬೀದಿಯಲ್ಲೇ ಹುಟ್ಟಿದ ಬೆಕ್ಕಿಗೆ ಬೀದಿ ಗೊತ್ತು. ಸೋಫಾ ಮೇಲೆ ಬೆಳೆದದ್ದಕ್ಕೆ ಗೊತ್ತಿಲ್ಲ. ಎಷ್ಟು ಒಳ್ಳೇ ಧಾಮ ಕಟ್ಟಿದರೂ, ಮನೆಗಳಿಂದ ಬೆಕ್ಕು ಹೊರಬೀಳ್ತಾ ಇದ್ದರೆ ಆ ಹೆಂಗಸರ ಕೆಲಸ ಮುಗಿಯೋದೇ ಇಲ್ಲ.