ಬಿಚ್ಚುವುದೋ, ಕಟ್ಟುವುದೋ?

ಸಿಂದಗಿಯ ಗ್ಯಾರೇಜೊಂದರ ಮೂಲೆಯಲ್ಲಿ ನಮ್ಮ ಮನೆಯ ಯೆಜ್ದಿ ರೋಡ್‌ಕಿಂಗ್ ಹದಿನೈದು ದಿನಗಳಿಂದ ನಿಂತಿತ್ತು. ಮಿಸ್ತ್ರಿ ಚಾಚಾ ಅದರ ಸುತ್ತ ಎರಡು ಬಾರಿ ಸುತ್ತಿ, ಟ್ಯಾಂಕಿನ ಕೆಳಗೆ ಬೆರಳಾಡಿಸಿ, ಕೈ ಒರೆಸಿಕೊಳ್ಳುತ್ತಾ ಹೇಳಿದರು: "ಬಿಚ್ಚಾಕ ಒಂದ್ ದಿನ ಸಾಕ್ರಿ. ಕಟ್ಟಾಕ ಆರ್ ತಿಂಗಳ ಬೇಕು. ಮೊದಲ ಮನಿಯಾಗ ಕುಂತು ಮಾತಾಡ್ಕೊಂಡ್ ಬರ್ರಿ."

ಮಾತಾಡಿಕೊಳ್ಳುವುದು ಸುಲಭವಿರಲಿಲ್ಲ. ಆ ಗಾಡಿಯನ್ನು 1984ರಲ್ಲಿ ಸೊಸೈಟಿಯ ಸಾಲ ತೆಗೆದು ಕೊಂಡವರು ನಮ್ಮ ಅಬ್ಬಾ. ಪಶುವೈದ್ಯ ಇಲಾಖೆಯ ನೌಕರಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ವರ್ಗಾವಣೆಯಾದಲ್ಲೆಲ್ಲ ಅವರ ಜೊತೆ ಆ ಗಾಡಿಯೂ ಹೋಯಿತು. ಭೀಮೆಯ ದಂಡೆಯಿಂದ ಕೃಷ್ಣೆಯ ದಂಡೆಯವರೆಗೆ, ಎರೆಮಣ್ಣಿನ ಹೊಲಗಳ ನಡುವಿನ ಬಂಡಿದಾರಿಗಳಲ್ಲಿ, ಲಸಿಕೆಯ ಐಸ್ ಡಬ್ಬಿ ಹಿಂದೆ ಕಟ್ಟಿಕೊಂಡು ಅವರು ತಿರುಗಿದ ದೂರಕ್ಕೆ ಲೆಕ್ಕವಿಲ್ಲ. ಮೀಟರಿನ ಅಂಕಿಗಳು ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಗೆ ಬಂದದ್ದನ್ನು ನಾವು ಮಕ್ಕಳು ಕಣ್ಣಾರೆ ನೋಡಿದ್ದೇವೆ. ಈಗ ಅಬ್ಬಾ ಇಲ್ಲ. ಭಂಗಾರದವನು ತಕ್ಕಡಿಯ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದಾನೆ. ನಾವು ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬ ಕಟ್ಟಿಸೋಣ ಎಂದ, ಒಬ್ಬ ಕೊಟ್ಟುಬಿಡೋಣ ಎಂದ, ಇನ್ನೊಬ್ಬ ಸುಮ್ಮನಿದ್ದ.

ಹಳೆಯದನ್ನು ಏನು ಮಾಡಬೇಕೆಂಬ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸದಲ್ಲ. ಇತಿಹಾಸ ಈ ಪ್ರಶ್ನೆಯನ್ನು ಇಲ್ಲಿ ಹಲವು ಬಾರಿ ಕೇಳಿದೆ. ಒಮ್ಮೆ ಅದರ ಉತ್ತರ ನೂರೈವತ್ತು ರೂಪಾಯಿ ಎಂದಿತ್ತು.

ನೂರೈವತ್ತು ರೂಪಾಯಿಯ ತೋಪು

ವಿಜಯಪುರದ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡದವರು ಈ ಭಾಗದಲ್ಲಿ ವಿರಳ. ಅದು ಬಿಜಾಪುರದಲ್ಲಿ ಹುಟ್ಟಿದ್ದಲ್ಲ. 1549ರಲ್ಲಿ ಅಹಮದ್‌ನಗರದಲ್ಲಿ, ನಿಜಾಮಶಾಹಿಗಳಿಗಾಗಿ, ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ತುರ್ಕಿ ಕುಶಲಕರ್ಮಿ ಅದನ್ನು ಎರಕ ಹೊಯ್ದ. ಸುಮಾರು 55 ಟನ್ ತೂಕದ, ಹದಿನಾಲ್ಕು ಅಡಿಗಳಷ್ಟು ಉದ್ದದ ಈ ತೋಪಿನ ಬಾಯಿ ಸಿಂಹದ ಮುಖದಂತಿದೆ. ಅದರ ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿದೆ. 1565ರ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ಅದನ್ನು ಬಳಸಿದರೆಂಬ ಪ್ರತೀತಿ ಇದೆ. ಆ ಎರಡೂ ಹಳ್ಳಿಗಳು ಮುದ್ದೇಬಿಹಾಳದ ಸೀಮೆಯಲ್ಲೇ ಇವೆ. 1632ರಲ್ಲಿ ಪರಂಡಾ ಕೋಟೆಯಿಂದ ಅದು ಬಿಜಾಪುರಕ್ಕೆ ಬಂತು. 1686ರಲ್ಲಿ ಔರಂಗಜೇಬ್ ನಗರವನ್ನು ಗೆದ್ದಾಗ ತನ್ನ ವಿಜಯದ ಶಾಸನವನ್ನೂ ಅದರ ಮೇಲೆ ಕೆತ್ತಿಸಿದ. ಹೀಗೆ ನಿಜಾಮಶಾಹಿ, ಆದಿಲ್‌ಶಾಹಿ, ಮೊಘಲ್ ಎಂದು ಮೂರು ಒಡೆತನಗಳನ್ನು ಅದು ಕಂಡಿತು.

ಮುಂದೆ ಒಡೆಯರಾದ ಇಂಗ್ಲಿಷರಿಗೆ ಮಾತ್ರ ಅದು ಬರೀ ಲೋಹವಾಗಿ ಕಂಡಿತು. 1854ರಲ್ಲಿ ತೋಪನ್ನು ಹರಾಜಿಗೆ ಹಾಕಿದರು. ಕೂಗಿದ ಬೆಲೆ ನೂರೈವತ್ತು ರೂಪಾಯಿ. ಕೊನೆಗೆ ಆ ಮಾರಾಟ ರದ್ದಾಯಿತು. ರದ್ದಾಗದಿದ್ದರೆ ಮುಹಮ್ಮದ್ ಬಿನ್ ಹಸನ್ ರೂಮಿಯ ಹೆಸರು ಯಾವುದೋ ಕುಲುಮೆಯಲ್ಲಿ ಕರಗಿ ಕೊಡ, ಗಂಟೆ, ತಟ್ಟೆಗಳಾಗಿ ಹಂಚಿಹೋಗುತ್ತಿತ್ತು.

ಕಟ್ಟಡಗಳ ಪಾಡೂ ಹೀಗೆಯೇ ಇತ್ತು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂದಾಗ ಹಳೆಯ ಮಹಲುಗಳು ಕಚೇರಿಗಳಾದವು. ಒಂದು ಮಸೀದಿಯಲ್ಲಿ ಡಾಕ್ ಬಂಗಲೆ, ಇನ್ನೊಂದರಲ್ಲಿ ಅಂಚೆ ಕಚೇರಿ ನಡೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೈಸರಾಯ್ ಕರ್ಜನ್ ಅವುಗಳನ್ನು ತೆರವು ಮಾಡಿಸಿದ. 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯಿದೆ ಬಂತು. ಐವತ್ತು ವರ್ಷಗಳ ಹಿಂದೆ ತೋಪನ್ನು ತೂಕಕ್ಕೆ ಮಾರಹೊರಟಿದ್ದ ಆಡಳಿತವೇ ಈಗ ಅಂಥವನ್ನು ಮುಟ್ಟಬಾರದೆಂದು ಕಾನೂನು ಮಾಡಿತು. ವಸ್ತು ಅದೇ ಇತ್ತು, ನೋಡುವ ಕಣ್ಣು ಬೇರೆಯಾಗಿತ್ತು.

ಇರಾನಿಗಳ ಗಾಡಿ, ಮೈಸೂರಿನ ಕೈ

ಯೆಜ್ದಿಯ ಚರಿತ್ರೆಯೂ ಹೊರಗಿನಿಂದ ಬಂದು ನಮ್ಮದಾದ ವಸ್ತುವಿನ ಚರಿತ್ರೆಯೇ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಚೆಕ್ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಬೈಕು ತಯಾರಿಕೆಯ ಹಕ್ಕು ಕೊಂಡ. ತನ್ನ ಹೆಸರಿನ ಮೊದಲ ಎರಡಕ್ಷರ, ಆ ಕಂಪನಿಯ ಮೊದಲ ಎರಡಕ್ಷರ ಕೂಡಿಸಿ 'ಜಾವಾ' ಎಂದ. ಸ್ವಾತಂತ್ರ್ಯದ ನಂತರ ನಮ್ಮ ಸರ್ಕಾರ ಆಮದಿಗೆ ಕಡಿವಾಣ ಹಾಕಿದಾಗ, ಮುಂಬಯಿಯ ಇರಾನಿ ಮನೆತನದ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅಂದಿನ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅದನ್ನು ಉದ್ಘಾಟಿಸಿದರು. 1970ರ ದಶಕದಲ್ಲಿ ಚೆಕ್ ಕಂಪನಿಯ ಹೆಸರು ಬಿಟ್ಟು ಗಾಡಿಗೆ ಯೆಜ್ದಿ ಎಂಬ ಹೆಸರು ಬಂತು. ಇರಾನಿನ ಪುರಾತನ ನಗರ ಯಜ್ದ್‌ನ ನೆನಪು ಅದರಲ್ಲಿದೆ.

1978ರಲ್ಲಿ ಬಂದ ರೋಡ್‌ಕಿಂಗ್ ಆ ಕಾಲದ ಹುಡುಗರಿಗೆ ಓಟದ ಕುದುರೆ. 250 ಸಿಸಿಯ ಟೂ-ಸ್ಟ್ರೋಕ್ ಎಂಜಿನ್, ಎರಡು ಕಡೆ ಎರಡು ಸೈಲೆನ್ಸರ್. ಗೇರು ಹಾಕುವ ಕಡ್ಡಿಯನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್ ಆಗುತ್ತಿತ್ತು. ಕ್ಲಚ್ ಹಿಡಿಯದೆಯೂ ಗೇರು ಬದಲಿಸಬಹುದಿತ್ತು. ಈ ಗುಟ್ಟು ತಿಳಿಯದವನು ಗಾಡಿ ಕದ್ದರೂ ಚಾಲೂ ಮಾಡಲಾರ ಎಂದು ಅಬ್ಬಾ ನಗುತ್ತಿದ್ದರು. ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು, ಹೊಗೆ ಬಿಡುತ್ತದೆ, ಎಣ್ಣೆ ಕುಡಿಯುತ್ತದೆ ಎಂಬ ದೂರುಗಳಿದ್ದವು. ಆದರೆ ಪಾನಾ, ಸ್ಕ್ರೂಡ್ರೈವರ್ ಹಿಡಿಯಬಲ್ಲ ಯಾರಾದರೂ ಅದನ್ನು ದಾರಿಯಲ್ಲೇ ಬಿಚ್ಚಿ ರಿಪೇರಿ ಮಾಡಬಹುದಿತ್ತು. ಷೋರೂಮು ಜಿಲ್ಲಾ ಕೇಂದ್ರದಲ್ಲಿದ್ದರೆ ರಿಪೇರಿ ಪ್ರತಿ ತಾಲೂಕಿನಲ್ಲೂ ಇತ್ತು. ಅಂಥ ಗ್ಯಾರೇಜುಗಳಲ್ಲಿ ಶಾಲೆ ಬಿಟ್ಟ ಎಷ್ಟೋ ಮುಸ್ಲಿಂ ಹುಡುಗರು ಕಸುಬು ಕಲಿತರು. ಕುದುರೆಗೆ ಲಾಳ ಕಟ್ಟುವ ನಾಲಬಂದರು, ಪಾತ್ರೆಗೆ ಕಲಾಯಿ ಹಾಕುವವರು ಇದ್ದ ಓಣಿಗಳಲ್ಲಿ ಸ್ಪ್ಯಾನರಿನ ಸದ್ದು ಕೇಳತೊಡಗಿತು. ಪದವಿಯ ಕಾಗದ ಇಲ್ಲದವರ ಕೈಯಲ್ಲಿದ್ದ ಈ ವಿದ್ಯೆಯನ್ನು ನಾವು ವಿದ್ಯೆ ಎಂದು ಕರೆಯುವುದೇ ಇಲ್ಲ.

1985ರಲ್ಲಿ ಹೀರೋ ಹೋಂಡಾ ಬಂದ ಮೇಲೆ ಗಾಳಿ ತಿರುಗಿತು. ಕಡಿಮೆ ಪೆಟ್ರೋಲಿಗೆ ಹೆಚ್ಚು ದೂರ ಓಡುವ ಫೋರ್-ಸ್ಟ್ರೋಕ್ ಗಾಡಿಯ ಮುಂದೆ, ಬಿಗಿಯಾಗುತ್ತಿದ್ದ ಹೊಗೆ ನಿಯಮಗಳ ಮುಂದೆ ಯೆಜ್ದಿ ಸೋತಿತು. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು. ಯೆಜ್ದಿ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿದೆ. ಆ ಗಾಡಿ ಬೇರೆ, ಎಂಜಿನ್ ಬೇರೆ. ಅದರ ಒಂದು ಬೋಲ್ಟೂ ನಮ್ಮ ಹಳೆಯ ಗಾಡಿಗೆ ಕೂಡುವುದಿಲ್ಲ ಎಂದು ಮಿಸ್ತ್ರಿ ಚಾಚಾ ಹೇಳುತ್ತಾರೆ.

ಕಾನೂನಿನ ಕಣ್ಣಿನಲ್ಲಿ ವಯಸ್ಸು

ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ. ಆ ಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ನವೀಕರಿಸಬೇಕು. 2021ರಲ್ಲಿ ಗುಜರಿ ನೀತಿ ಬಂತು. 2022ರ ಏಪ್ರಿಲ್‌ನಿಂದ ದ್ವಿಚಕ್ರ ವಾಹನದ ನವೀಕರಣ ಶುಲ್ಕ 300ರಿಂದ 1,000 ರೂಪಾಯಿಗೆ, ಕಾರಿನದು 600ರಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಗಾಡಿಗಳಿಗೆ ಅದೂ ಇಮ್ಮಡಿಯಾಯಿತು. ಹಳೆಯ ವಾಹನಗಳ ಹೊಗೆ ಕಡಿಮೆಯಾಗಲಿ ಎಂಬ ಉದ್ದೇಶ ಸರಿಯಾದದ್ದೇ. ಟೂ-ಸ್ಟ್ರೋಕ್ ಗಾಡಿಯ ನೀಲಿ ಹೊಗೆಯನ್ನು ನೆನಪಿನ ಹೆಸರಿನಲ್ಲಿ ಸಮರ್ಥಿಸಲು ನಮಗೆ ಮನಸ್ಸಿಲ್ಲ. ಆ ಹೊಗೆ ಕುಡಿಯುವವರು ಪಕ್ಕದ ಮನೆಯ ಮಕ್ಕಳೂ ಹೌದು.

ಅದೇ 2021ರಲ್ಲಿ ಇನ್ನೊಂದು ನಿಯಮವೂ ಬಂತು. ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ. ಅದನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ ಓಡಿಸಬಹುದೇ ಹೊರತು ದಿನದ ಕೆಲಸಕ್ಕಲ್ಲ. ನಮ್ಮ 1984ರ ಗಾಡಿಗೆ ಆ ಮಾನ ಸಿಗಬೇಕಾದರೆ 2034ರವರೆಗೆ ಕಾಯಬೇಕು. ಹದಿನೈದು ದಾಟಿದರೆ ಹಳತು, ಐವತ್ತು ದಾಟಿದರೆ ಪರಂಪರೆ. ನಡುವಿನ ಮೂವತ್ತೈದು ವರ್ಷ ಅದನ್ನು ಸಾಕುವವರು ಯಾರು? ದೊಡ್ಡ ಗ್ಯಾರೇಜು, ಆಳುಕಾಳು ಇರುವ ಶ್ರೀಮಂತರು ಸಾಕಬಲ್ಲರು. ನೌಕರಿಯವನ ಮನೆಯ ಗಾಡಿ ಪರಂಪರೆಯಾಗುವ ಮೊದಲೇ ತಕ್ಕಡಿ ಏರುತ್ತದೆ.

ಬಿಚ್ಚಿ ಕಟ್ಟಿದವರ ಜಿಲ್ಲೆ

ಬಿಚ್ಚುವುದೆಂದರೆ ಮುಗಿಸುವುದು ಎಂದು ನಾವು ಭಾವಿಸಿದ್ದೆವು. ಆದರೆ ಕೃಷ್ಣೆಯ ದಂಡೆಯ ಜನರ ಅನುಭವ ಬೇರೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಆಗ ಅದು ಬಸವನ ಬಾಗೇವಾಡಿ ತಾಲೂಕು. ಮುಂದಿನ ದಶಕಗಳಲ್ಲಿ ಹಿನ್ನೀರು ಏರಿದಂತೆ ಹಳ್ಳಿಗಳು ಮುಳುಗಿದವು. ಊರು ಬಿಟ್ಟವರು ಮನೆಗಳನ್ನು ತಾವೇ ಬಿಚ್ಚಿದರು. ಬಾಗಿಲು, ಚೌಕಟ್ಟು, ತೊಲೆ, ಕಂಬಗಳನ್ನು ಬಂಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಪುನರ್ವಸತಿ ಕೇಂದ್ರಗಳಿಗೆ ಹೋದರು. ಅಜ್ಜ ಕಟ್ಟಿಸಿದ ಬಾಗಿಲು ಹೊಸ ಗೋಡೆಯಲ್ಲಿ ನಿಂತಿತು. ಇಡೀ ಮನೆಯನ್ನು ಉಳಿಸಲಾಗದವರು ಉಳಿಸಬಹುದಾದದ್ದನ್ನು ಬಿಡಲಿಲ್ಲ.

ಈ ಮಾತು ಹೊಳೆದ ಮೇಲೆ ನಾವು ಮತ್ತೆ ಸಿಂದಗಿಗೆ ಹೋದೆವು. ಮಿಸ್ತ್ರಿ ಚಾಚಾರಿಗೆ ಒಂದೇ ಪ್ರಶ್ನೆ ಕೇಳಿದೆವು: ಇದರಲ್ಲಿ ಜೀವ ಎಲ್ಲಿದೆ?

ಅವರು ವಿವರಿಸಿದ ಲೆಕ್ಕ ಹಳೆಯ ಗಾಡಿ ಇರುವ ಎಲ್ಲರಿಗೂ ಉಪಯೋಗವಾದೀತು. ಎಂಜಿನ್ ಸವೆದಿದ್ದರೆ ಹೆದರಬೇಕಿಲ್ಲ. ಸಿಲಿಂಡರನ್ನು ಲೇತಿನ ಅಂಗಡಿಯಲ್ಲಿ ರೀಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬಹುದು. ಆದರೆ ಪ್ರತಿ ರೀಬೋರಿಗೂ ಗೋಡೆ ತೆಳುವಾಗುತ್ತದೆ, ಆದ್ದರಿಂದ ಅದಕ್ಕೂ ಮಿತಿ ಇದೆ. ಕ್ರ್ಯಾಂಕಿನ ಬೇರಿಂಗು, ಆಯಿಲ್ ಸೀಲು ಹೊಸದಾಗಿ ಹಾಕಬಹುದು. ಟೂ-ಸ್ಟ್ರೋಕಿನಲ್ಲಿ ಸೀಲಿನಿಂದ ಗಾಳಿ ಸೋರಿದರೆ ಎಂಜಿನ್ ಕಾದು ಜಾಮ್ ಆಗುತ್ತದೆ, ಹಾಗಾಗಿ ಅಲ್ಲಿ ಉಳಿತಾಯ ನೋಡಬಾರದು. ತಗಡು, ಬಣ್ಣ, ಸೀಟು ಇವೆಲ್ಲ ದುಡ್ಡಿನ ಮಾತು. ನೋಡಬೇಕಾದ್ದು ಚಾಸಿ. ಗಾಡಿಯ ಕಾಗದದಲ್ಲಿರುವ ನಂಬರು ಅದರ ಮೇಲಿದೆ. ಅದು ನೆಟ್ಟಗಿದ್ದರೆ ಉಳಿದದ್ದನ್ನೆಲ್ಲ ಕಟ್ಟಬಹುದು. ಅದು ಹೋದರೆ ಕಟ್ಟಿದ್ದು ಬೇರೆ ಗಾಡಿ.

ಹೀಗೆ ಹೇಳಿ ಅವರು ಹ್ಯಾಂಡಲಿನ ಕೆಳಗಿನ ಮಣ್ಣು, ಗ್ರೀಸು ಒರೆಸಿ ಟಾರ್ಚು ಹಿಡಿದರು. ಮುಂದಿನ ಫೋರ್ಕು ಕೂಡುವ ಕತ್ತಿನಲ್ಲಿ ಕೂದಲೆಳೆಯಂಥ ಬಿರುಕು. ಹಿಂದೊಮ್ಮೆ ಯಾರೋ ವೆಲ್ಡಿಂಗ್ ಮಾಡಿದ ಗುರುತಿನ ಪಕ್ಕದಲ್ಲೇ ಮತ್ತೆ ಬಿಟ್ಟಿತ್ತು. "ನೋಡಾಕ ಇಡ್ತೀನಂದ್ರ ಇಡ್ರಿ. ಮಕ್ಕಳ ಕೈಯಾಗ ಕೊಟ್ಟು ರಸ್ತೇದ ಮ್ಯಾಲ ಬಿಡಬ್ಯಾಡ್ರಿ," ಎಂದರು.

ಕಟ್ಟಿಸೋಣ ಎನ್ನುತ್ತಿದ್ದವನೇ ಮೊದಲು ತಲೆಯಾಡಿಸಿದ.

ತೋಪಿಗೂ ನಮ್ಮ ಗಾಡಿಗೂ ಇರುವ ವ್ಯತ್ಯಾಸ ನಮಗೆ ಅಲ್ಲಿ ಸ್ಪಷ್ಟವಾಯಿತು. ಮಲಿಕ್-ಎ-ಮೈದಾನ್ ಒಂದೇ ಇದೆ. ಅದನ್ನು ಕರಗಿಸಿದ್ದರೆ ಅದರ ಜಾಗ ತುಂಬುವ ಇನ್ನೊಂದು ಇರುತ್ತಿರಲಿಲ್ಲ. ಯೆಜ್ದಿಗೆ ಒಡಹುಟ್ಟಿದವರು ಊರೂರಲ್ಲಿದ್ದಾರೆ, ಬಿಡಿಭಾಗ ಸಿಗದೆ ಮೂಲೆ ಹಿಡಿದಿದ್ದಾರೆ. ಒಂದನ್ನು ಬಿಚ್ಚಿದರೆ ಅವುಗಳಲ್ಲಿ ಕೆಲವು ಓಡುತ್ತವೆ. ತಕ್ಕಡಿಗೆ ಹಾಕುವುದಕ್ಕೂ ಬಿಚ್ಚಿ ಹಂಚುವುದಕ್ಕೂ ಅಂತರವಿದೆ.

ಬಿಚ್ಚಲು ಮಿಸ್ತ್ರಿ ಚಾಚಾ ಹೇಳಿದಂತೆ ಒಂದೇ ದಿನ ಸಾಕಾಯಿತು. ನಾವು ಮೂವರೂ ಕೈ ಹಚ್ಚಿದೆವು. ಸಿಲಿಂಡರು, ಹೆಡ್ಡು, ಕಾರ್ಬುರೇಟರು ಮುದ್ದೇಬಿಹಾಳದ ಒಬ್ಬ ನಿವೃತ್ತ ಮೇಷ್ಟ್ರ ಗಾಡಿಗೆ ಹೋದವು. ಗೇರುಗಳು, ಕ್ಲಚ್ ಪ್ಲೇಟುಗಳು ಬಸವನ ಬಾಗೇವಾಡಿಯ ಒಬ್ಬರಿಗೆ. ಎರಡು ಚಕ್ರ, ಟ್ಯಾಂಕು ಇಂಡಿಯ ಲಿಂಬೆ ತೋಟದ ಯುವಕನೊಬ್ಬನಿಗೆ. ಅವನ ಅಜ್ಜನ ಎಮ್ಮೆಗೆ ನಮ್ಮ ಅಬ್ಬಾ ಲಸಿಕೆ ಹಾಕಿದ್ದರಂತೆ. ಟ್ಯಾಂಕು ನೋಡಿಯೇ ಗುರುತು ಹಿಡಿದ. ಎಂಜಿನ್ ಕೇಸನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಅದರ ಮೇಲೂ ನಂಬರಿದೆ. ಅನುಮತಿ ಇಲ್ಲದೆ ಎಂಜಿನ್ ಬದಲಿಸುವುದು ಕಾನೂನಿಗೆ ಸಲ್ಲದು. ವಾಹನ ಬಳಕೆಗೆ ಬಾರದಂತಾದರೆ ಹದಿನಾಲ್ಕು ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ ಕಾಗದ ಒಪ್ಪಿಸಬೇಕೆಂದು ಮೋಟಾರು ವಾಹನ ಕಾಯಿದೆಯ 55ನೇ ಕಲಂ ಹೇಳುತ್ತದೆ. ವಿಜಯಪುರಕ್ಕೆ ಹೋಗಿ ಆ ಕೆಲಸವನ್ನೂ ಮಾಡಿದೆವು. ಕಾಗದ ಒಪ್ಪಿಸದೆ ಚಾಸಿಯನ್ನು ಭಂಗಾರಕ್ಕೆ ಕೊಟ್ಟವರ ನಂಬರು ಕದ್ದ ಗಾಡಿಯ ಮೇಲೆ ಓಡಾಡಿದರೆ ಹೊಣೆ ಯಾರದು ಎಂಬುದನ್ನು ಓದುಗರು ಯೋಚಿಸಬೇಕು.

ಮಿಸ್ತ್ರಿ ಚಾಚಾ ಹಣ ತೆಗೆದುಕೊಳ್ಳಲಿಲ್ಲ. ಬದಲಿಗೆ ಕ್ರ್ಯಾಂಕು, ಮ್ಯಾಗ್ನೆಟ್ಟು ತಮ್ಮ ಬಳಿ ಇಟ್ಟುಕೊಂಡರು. ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗೆ ತೋರಿಸಲು ಬೇಕಂತೆ.

ನಮ್ಮ ಮನೆಗೆ ಬಂದದ್ದು ಮೀಟರು ಮಾತ್ರ. ಅದರ ಮುಳ್ಳು ಸೊನ್ನೆಯ ಮೇಲೆ ನಿಂತಿದೆ. ಅಂಕಿಗಳು ಎರಡನೆಯ ಸುತ್ತಿನಲ್ಲಿ ಎಲ್ಲಿಗೆ ನಿಂತವೋ ಅಲ್ಲೇ ಇವೆ. ಹೋದ ತಿಂಗಳು ಮುದ್ದೇಬಿಹಾಳದ ಮೇಷ್ಟ್ರು ಫೋನು ಮಾಡಿ, ಏನೂ ಮಾತಾಡದೆ, ಗಾಡಿಯ ಸದ್ದು ಕೇಳಿಸಿದರು. ಅಮ್ಮಿ ಫೋನನ್ನು ಕಿವಿಗೆ ಹಿಡಿದು ಸ್ವಲ್ಪ ಹೊತ್ತು ಕೇಳಿ, "ಅಬ್ಬಾ ಇಷ್ಟು ಎಕ್ಸಿಲೇಟರ್ ಕೊಡತಿರಲಿಲ್ಲ," ಎಂದಳು.